ಕಾಗದವಿಲ್ಲದ ಜೀಪು

ಬಸ್ಸು ಹತ್ತಿದರೆ ನನಗೆ ಡ್ರೈವರ್ ಹಿಂದಿನ ಸೀಟೇ ಬೇಕು. ಅಲ್ಲಿ ಕೂತು, ಗೇರು ಹಾಕಿದ್ದು ತಡವಾಯಿತು, ತಿರುವಿನಲ್ಲಿ ಹಾರನ್ ಮಾಡಲಿಲ್ಲ ಎಂದು ಆ ಮಹಾರಾಯನನ್ನು ಪಿಸುದನಿಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿರುತ್ತೇನೆ. ಪಕ್ಕದವರು ಈ ಟೀಚರಮ್ಮ ಯಾಕೆ ಗೊಣಗುತ್ತಿದ್ದಾಳೆ ಅಂದುಕೊಂಡಾರು. ನಾನೂ ಒಂದು ಕಾಲದಲ್ಲಿ ಜೀಪು ಓಡಿಸುತ್ತಿದ್ದೆ ಕಣ್ರೀ ಎಂದು ಹೇಳಿಬಿಡೋಣವೆಂದರೆ, ಮುಂದಿನ ಪ್ರಶ್ನೆ ಲೈಸೆನ್ಸಿನದು. ಆದ್ದರಿಂದ ಬಾಯಿ ಮುಚ್ಚಿಕೊಂಡು ಇಳಿಯುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಯಜಮಾನರು ಆ ಜೀಪನ್ನು ಹಾಸನದ ಒಬ್ಬ ದಲ್ಲಾಳಿಯಿಂದ ಕೊಂಡು ತಂದರು. ಮಿಲಿಟರಿಯವರು ಯಾವ ಕಾಲದಲ್ಲೋ ಹರಾಜು ಹಾಕಿದ್ದ ಗಾಡಿ. ನಾಲ್ಕು ಚಕ್ರಕ್ಕೂ ಎಳೆತ, ಎಂಥ ಕೆಸರಾದರೂ ಲೆಕ್ಕಕ್ಕಿಲ್ಲ. ರಾಮನಾಥಪುರದ ಹತ್ತಿರ ನಮ್ಮದು ಹೊಗೆಸೊಪ್ಪಿನ ಬೇಸಾಯ, ಸೌದೆ ಸಾಗಿಸಲು ಇಂಥದ್ದೊಂದು ಬೇಕಿತ್ತು. “ತಗೊಂಡೋಗಿ ಸಾ, ಆರ್‌ಸಿ ಬುಕ್ಕು ಮುಂದಿನ್ ವಾರ ನಿಮ್ ಮನೆ ಬಾಗ್ಲಿಗೇ ಬತ್ತದೆ” ಎಂದಿದ್ದನಂತೆ ದಲ್ಲಾಳಿ. ಆ ಮುಂದಿನ ವಾರ ಬರಲೇ ಇಲ್ಲ. ಆಮೇಲೆ ದಲ್ಲಾಳಿಯೂ ಸಿಗಲಿಲ್ಲ.

ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ನಮ್ಮ ಜಿಲ್ಲೆಯಲ್ಲಿ ಎಲ್ಲಿ ಎಡವಿದರೂ ಒಂದು ಶಾಸನದ ಕಲ್ಲು. ಯಾರೋ ಒಬ್ಬ ಹಿಂದಿನವನು ಒಂದು ತುಂಡು ಗದ್ದೆ ದಾನ ಕೊಟ್ಟರೂ, ಕೊಟ್ಟವನು ಯಾರು, ಪಡೆದವನು ಯಾರು, ಮೂಡಲಿಗೆ ಯಾವ ಹುಣಸೆಮರ ಎಂದು ಕೆತ್ತಿಸಿ, ಸೂರ್ಯಚಂದ್ರರನ್ನೂ ಸಾಕ್ಷಿಗೆ ಕೂರಿಸಿ, ತಪ್ಪಿದವನಿಗೆ ಇಂತಿಂಥ ನರಕ ಎಂದು ಶಾಪ ಹಾಕಿಯೇ ಮುಗಿಸುತ್ತಿದ್ದ. ಆ ದಲ್ಲಾಳಿ ಬಂಪರಿನ ಮೇಲೆ ಮೊಳೆಯಲ್ಲಿ ಎರಡು ಸಾಲು ಗೀಚಿಕೊಟ್ಟಿದ್ದರೂ ಸಾಕಿತ್ತು. ಹಾಗೆ ನೋಡಿದರೆ ನಮ್ಮ ಮದುವೆಗೂ ಆರ್‌ಸಿ ಇಲ್ಲ. ಉಂಡು ಹೋದವರೇ ಸಾಕ್ಷಿ, ಅವರಲ್ಲಿ ಅರ್ಧ ಜನ ಈಗಿಲ್ಲ. ಈ ವಿಷಯ ಹೇಳಿದರೆ ಯಜಮಾನರು ನಗುತ್ತಾರೆ, ಆದರೆ ಸ್ವಲ್ಪ ಯೋಚಿಸಿ ನಗುತ್ತಾರೆ.

ಕಾಗದವಿಲ್ಲದ್ದರಿಂದ ಜೀಪು ಟಾರು ರಸ್ತೆಗೆ ಇಳಿಯುವಂತಿರಲಿಲ್ಲ. ಅದಕ್ಕೊಂದು ಬೇರೆಯೇ ಲೋಕವಿತ್ತು: ಕಾಲುವೆ ಏರಿ, ಕೆರೆ ಕೋಡಿ, ಗಾಡಿಜಾಡು, ಗೋಮಾಳ. ಅರಕಲಗೂಡಿಗೆ ಬಸ್ಸಿನವರು ಒಂದೇ ದಾರಿಯಲ್ಲಿ ಹೋದರೆ, ನಾವು ಊರೂರು ಸುತ್ತಿ, ಎಲ್ಲರ ಹಿತ್ತಿಲು ನೋಡಿಕೊಂಡು, ಪೇಟೆ ಇನ್ನೂ ಅಷ್ಟು ದೂರ ಇರುವಾಗಲೇ ಒಂದು ಆಲದ ಮರದ ಕೆಳಗೆ ಗಾಡಿ ನಿಲ್ಲಿಸಿ ನಡೆದು ಹೋಗುತ್ತಿದ್ದೆವು.

ನಾನು ಕಲಿತದ್ದು ಬ್ಯಾರನ್ನಿನ ದೆಸೆಯಿಂದ. ಹೊಗೆಸೊಪ್ಪು ಬೇಯಿಸುವ ಆ ಮನೆಗೆ ಬೆಂಕಿ ಹಾಕಿದ ಮೇಲೆ ಯಜಮಾನರು ಅಲ್ಲಿಂದ ಕದಲುವಂತಿಲ್ಲ. ಶಾಖ ಸ್ವಲ್ಪ ಏರುಪೇರಾದರೂ ವರ್ಷದ ಬೆಳೆ ಹಾಳು. ಒಂದು ಸಲ ಸೌದೆ ಮುಗಿಯುತ್ತಾ ಬಂತು. ತೋಪಿನಿಂದ ತರಬೇಕಾದ ಡ್ರೈವರ್ ನಾಪತ್ತೆ. “ಬ್ಯಾರನ್ ಬುಟ್ಟು ನಾನ್ ಎಂಗ್ ಓಗ್ಲಿ? ಬಾ, ನಿಂಗೇ ಕಲ್ಸ್‌ಬುಡ್ತೀನಿ” ಎಂದು ನನ್ನನ್ನು ಎದುರಿನ ಗೋಮಾಳಕ್ಕೆ ಎಳೆದುಕೊಂಡು ಹೋದರು. ಒಂದು ಕಣ್ಣು ಬ್ಯಾರನ್ನಿನ ಮೇಲೆ, ಇನ್ನೊಂದು ನನ್ನ ಕಾಲಿನ ಮೇಲೆ. “ಕ್ಲಚ್ಚು ಮೆಲ್ಲುಗ್ ಬುಡೇ! ಅಯ್ಯೋ, ಎಮ್ಮೆ ಮೇಲೇ ಓಯ್ತಾ ಅದೆಯಲ್ಲೇ!” ಎಮ್ಮೆ ಉಳಿಯಿತು, ಬೆಳೆಯೂ ಉಳಿಯಿತು. ಸಂಜೆಯ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ಸೌದೆ ತುಂಬಿದ ಜೀಪನ್ನು ನಾನೇ ತಂದು ನಿಲ್ಲಿಸಿದ್ದೆ.

ಆಮೇಲೆ ಅದು ನನ್ನದೇ ಆಯಿತು. ಕಾಲುವೆ ಏರಿಯ ಮೇಲೆ ಒಬ್ಬಳೇ ಹೋಗುವಾಗ, ಒಂದು ಪಕ್ಕ ನೀರು, ಒಂದು ಪಕ್ಕ ಗದ್ದೆ, ನಾಟಿ ಹಾಕುವ ಹೆಂಗಸರು ಬಗ್ಗಿದವರು ಎದ್ದು ನಿಂತು ನೋಡುತ್ತಿದ್ದರು. ಯಾರ ಅಮ್ಮ, ಯಾರ ಸೊಸೆ, ಯಾವ ಶಾಲೆಯ ಟೀಚರು ಎಂಬುದೆಲ್ಲ ಆ ಹೊತ್ತಿನಲ್ಲಿ ನನಗೆ ಮರೆತೇ ಹೋಗುತ್ತಿತ್ತು. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಲೈಸೆನ್ಸ್ ಮಾಡಿಸೋಣ ಎಂದು ಒಮ್ಮೆ ಕೇಳಿದ್ದುಂಟು. ಪರೀಕ್ಷೆಗೆ ಕಾಗದವಿರುವ ಗಾಡಿ ತರಬೇಕು ಎಂದರು ತಿಳಿದವರು. ನಮ್ಮವರು, “ಲೈಸೆನ್ಸ್ ಯಾಕೆ, ನೀನೇನ್ ಹಾಸನದ್ ಬಸ್‌ಸ್ಟ್ಯಾಂಡ್ ಮುಂದೆ ಓಡುಸ್ಬೇಕಾ?” ಎಂದು ನಕ್ಕರು. ಓಡಿಸಬೇಕು ಅಂತಲೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಮನೆಗೆ ಬಿಳಿ ಕಾರು ಬಂತು. ಕಾಗದ ಒಂದಲ್ಲ, ಒಂದು ಕಟ್ಟು. ಅದನ್ನು ಮುಟ್ಟಲು ನನಗೆ ಅಪ್ಪಣೆಯಿಲ್ಲ, ಟಾರು ರಸ್ತೆಯ ಗಾಡಿ, ಲೈಸೆನ್ಸಿಲ್ಲದವರು ಮುಟ್ಟಬಾರದು. ಇರುವುದೊಂದೇ ಕೊಟ್ಟಿಗೆ, ಹೊಗೆಸೊಪ್ಪೂ ಕಡಿಮೆ ಮಾಡಿದ್ದೆವು. “ಜೀಪ್ ಮಾರ್ಬುಡಣ” ಎಂದರು. “ಮಾರಿ, ನನಗೇನು” ಎಂದೆ. ಇದಕ್ಕಿಂತ ದೊಡ್ಡ ಸುಳ್ಳು ನಾನು ಅವರಿಗೆ ಹೇಳಿಲ್ಲ.

ನನ್ನ ಪುಣ್ಯಕ್ಕೆ, ಆರ್‌ಸಿ ಇಲ್ಲದ ಗಾಡಿ ಮಾರುವುದು ಸುಲಭವಿರಲಿಲ್ಲ. ಚನ್ನರಾಯಪಟ್ಟಣದಿಂದ ಒಬ್ಬರು ಬಂದು, ಬಾನೆಟ್ಟು ಸವರಿ, ಆಹಾ ಎಂದು, ಆರ್‌ಸಿ ಕೇಳಿ, ಕಾಫಿ ಕುಡಿದು ಹೋದರು. ಅವತ್ತು ನಾನು ಮಾಡಿದ ಸಾರನ್ನು ಯಜಮಾನರು ಎರಡು ಸಲ ಹಾಕಿಸಿಕೊಂಡರು. ಹೊಳೆನರಸೀಪುರದವನೊಬ್ಬ ಇಂಜಿನ್ ಮಾತ್ರ ಬಿಚ್ಚಿಕೊಡಿ, ಕಬ್ಬಿನ ಗಾಣಕ್ಕೆ ಬೇಕು ಎಂದ. ಅವನಿಗೆ ಕಾಫಿಗೆ ಸಕ್ಕರೆ ಹಾಕುವುದು ಮರೆತೆ. ಮರೆತದ್ದಲ್ಲ ಎಂದು ನೀವು ಊಹಿಸಿರಬಹುದು.

ಕೊನೆಗೆ ದಂಡಿಗನಹಳ್ಳಿ ಕಡೆಯ ಚನ್ನೇಗೌಡರು ಬಂದರು. “ಆರ್‌ಸಿ ಕಟ್ಕೊಂಡ್ ನಂಗೇನ್ ಸಾ? ರೋಡ್ಗೇ ಇಳ್ಸಾಕಿಲ್ಲ, ತ್ವಾಟದೊಳ್ಗೇ ಕಾಯಿ ಸಾಗ್ಸಾಕೆ” ಎಂದುಬಿಟ್ಟರು. ನನ್ನತ್ತ ತಿರುಗಿ, “ಒಳ್ಳೆ ಕಡೇಲಿ ಇರ್ತದೆ ಕಣವ್ವ” ಎಂದೂ ಅಂದರು. ಒಳ್ಳೆಯ ಮನುಷ್ಯ. ಬೈಯಲು ಒಂದು ನೆಪವೂ ಸಿಗಲಿಲ್ಲ.

ಜೀಪನ್ನು ಅಲ್ಲಿಯವರೆಗೆ ತಲುಪಿಸಬೇಕು. ಕಾಲುವೆ ದಾರಿಗಳು ನನಗೆ ಗೊತ್ತಿರುವಷ್ಟು ಇವರಿಗೆ ಗೊತ್ತಿಲ್ಲ. ವಾಪಸ್ಸು ಬರಲು ಕಾರು ಬೇಕು, ಅದಕ್ಕೆ ಲೈಸೆನ್ಸು ಇರುವುದು ಇವರಿಗೆ. ಹೀಗಾಗಿ ಬೆಳಗ್ಗೆ ಎದ್ದು ನಾನು ಮುಂದೆ ಜೀಪಿನಲ್ಲಿ, ಇವರು ಹಿಂದೆ ಕಾರಿನಲ್ಲಿ ಹೊರಟೆವು. ಗೋಮಾಳ, ಏರಿ, ಹಳ್ಳ ಯಾವುದನ್ನೂ ನಾನು ಬಿಡಲಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿ ಇವರು ಹಾರನ್ ಮೇಲೆ ಹಾರನ್ ಬಾರಿಸಿದರು. ಕೇಳಿಸದವಳಂತೆ ಹೋದೆ. ನನ್ನ ಜನ್ಮದಲ್ಲೇ ಅಷ್ಟು ದೂರ ಓಡಿಸಿರಲಿಲ್ಲ. ದಾರಿ ಮುಗಿಯದಿದ್ದರೆ ಸಾಕು ಎನ್ನಿಸುತ್ತಿತ್ತು. ಇನ್ನೊಂದು ಸುತ್ತಿನ ದಾರಿ ಇದೆಯೇ ಎಂದು ಹುಡುಕಿ ಹುಡುಕಿ ಸುತ್ತಿದೆ.

ಹೊಳೆಯನ್ನು ಮಾತ್ರ ಸುತ್ತಲಾಗುವುದಿಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿಗೆ ಸೇತುವೆಯೇ ಗತಿ, ಸೇತುವೆಯೆಂದರೆ ಟಾರು, ಟಾರೆಂದರೆ ಪೊಲೀಸು. ಇದ್ದನು ಒಬ್ಬ ಪೇದೆ. ಜೀಪು ನೋಡಿ ಕೈ ಎತ್ತಲು ಹೊರಟ, ಓಡಿಸುತ್ತಿದ್ದ ನನ್ನನ್ನು ನೋಡಿ ಬಾಯಿ ತೆರೆದ, ಎರಡೂ ಕೆಲಸ ಒಟ್ಟಿಗೆ ಆಗದೆ ಕೈ ಅರ್ಧಕ್ಕೇ ನಿಂತಿತು. ನಾನು ದಾಟಿಬಿಟ್ಟೆ. ಪೂರ್ತಿ ಎತ್ತಿದ ಕೈಗೆ ಸಿಕ್ಕಿದ್ದು ಹಿಂದಿನ ಬಿಳಿ ಕಾರು. ಆ ಕಟ್ಟಿನ ಒಂದೊಂದು ಕಾಗದವನ್ನೂ ನೋಡಿ ಕಳಿಸಿದನಂತೆ. ಆಚೆ ದಡದ ಹೊಂಗೆಮರದ ಕೆಳಗೆ ಕಾಯುತ್ತಾ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ನಗುತ್ತಲೇ ಅಳುವೂ ಬಂತು.

ಚನ್ನೇಗೌಡರ ತೋಟದಲ್ಲಿ ಜೀಪನ್ನು ನೆರಳಿಗೆ ನಿಲ್ಲಿಸಿ, ಕೀ ಕೊಟ್ಟೆ. ಚಳಿಯಲ್ಲಿ ಚೋಕು ಎಷ್ಟು ಎಳೆಯಬೇಕು ಎಂದು ತೋರಿಸಿಕೊಟ್ಟೆ. ಎಳನೀರು ಕುಡಿದೆವು. ತಿರುಗಿ ನೋಡಬಾರದೆಂದುಕೊಂಡು ತಿರುಗಿ ನೋಡಿದೆ.

ಕಾರಿನ ಕಡೆಗೆ ನಡೆಯುವಾಗ ಯಜಮಾನರು, “ಬೆಳಿಗ್ಗಿಂದ ಇಂದ್‌ಗಡೆಯಿಂದ ನೋಡ್ತಾನೇ ಬಂದೆ ಕಣೆ. ಏನ್ ಚೆಂದ ಓಡುಸ್ತೀಯೇ! ನಂಗೆ ಗೊತ್ತೇ ಇರ್ಲಿಲ್ಲ” ಎಂದರು. ಅಷ್ಟು ವರ್ಷ ಅವರು ಬ್ಯಾರನ್ನಿನ ಮುಂದೆ ಇರುತ್ತಿದ್ದರು, ಇಲ್ಲವೇ ಪಕ್ಕದಲ್ಲಿ ಕೂತು ಬೈಯುತ್ತಿದ್ದರು. ಹಿಂದೆ ಬಂದದ್ದು ಅವತ್ತೇ ಮೊದಲು. ಜೀಪು ಮಾರಿದ ಮೇಲೆ ಹೇಳುತ್ತೀರಲ್ಲ ಎಂದು ಬಾಯಿಗೆ ಬಂತು. ಅವರ ಮುಖದಲ್ಲಿ ಕಂಡ ಬೆರಗು ನಿಜವಾಗಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ನಾನೇ ಮೊದಲು ಹೋಗಿ ಎಡಗಡೆ ಬಾಗಿಲು ತೆಗೆದು ಕೂತೆ. ಆ ಮಿಲಿಟರಿ ಜೀಪಿನ ಸ್ಟಿಯರಿಂಗ್ ಇದ್ದದ್ದು ಎಡಗಡೆಗೆ. ಕೈಗಳು ತಮ್ಮಷ್ಟಕ್ಕೆ ಮುಂದೆ ಹೋದವು. ಅಲ್ಲಿ ಏನೂ ಇರಲಿಲ್ಲ.

ಇವರು ಬಲಗಡೆ ಹತ್ತಿ ಕೂತು, “ಏನ್ ಉಡುಕ್ತಿದ್ದೀಯೆ?” ಎಂದರು.

“ಏನಿಲ್ಲ, ನಡೀರಿ” ಎಂದೆ.