ಲೈನ್‌ಮ್ಯಾನಿನ ಮನೆ ಎಲ್ಲಿ?

ಚಾರ್ಮಾಡಿಯ ಹನೀಫಾ ಮೂವತ್ತು ವರ್ಷ ಸಂಸಾರ ನಡೆಸಿದ್ದು ಬೇರೆಯವರ ವಾಹನ ಮಗುಚಿದ್ದರಿಂದ. ಘಾಟಿ ಏರಲು ತೊಡಗುವಲ್ಲಿಯೇ ಅವನ ಶೆಡ್ಡು, ಶೆಡ್ಡಿನಲ್ಲಿ ಹಳದಿ ಕ್ರೇನು. ಚರಂಡಿಗೆ ಇಳಿದ ಲಾರಿಯಾಗಲಿ, ಮೋರಿಗೆ ಮೂತಿ ಕೊಟ್ಟ ಕಾರಾಗಲಿ, ಎಳೆದು ರಸ್ತೆಗೆ ತರುವುದರಲ್ಲಿ ಅವನನ್ನು ಮೀರಿಸುವವರು ಬೆಳ್ತಂಗಡಿ ತಾಲೂಕಿನಲ್ಲಿರಲಿಲ್ಲ. ಒಂದೇ ತೊಂದರೆ, ಫೋನಿಗೆ ಸಿಗುತ್ತಿರಲಿಲ್ಲ. ಶೆಡ್ಡಿಗೆ ಮೊಬೈಲ್ ರೇಂಜು ಮನಸ್ಸು ಬಂದಾಗ ಮಾತ್ರ ಬರುತ್ತಿತ್ತು. ಘಟ್ಟದ ಮೇಲಿನ ಕ್ರೇನಿನವನು ಇಳಿದು ಬಂದು ಹನೀಫಾನ ಕಣ್ಣೆದುರೇ ಲಾರಿ ಎಳೆದುಕೊಂಡು ಹೋಗುತ್ತಿದ್ದ.

ಈ ವರ್ಷ ಒಂದು ವಿಮಾ ಕಂಪೆನಿಯಿಂದ ಪತ್ರ ಬಂತು. ಘಾಟಿಯಲ್ಲಿ ಕೆಟ್ಟುನಿಲ್ಲುವ ತನ್ನ ಗಿರಾಕಿಗಳ ವಾಹನಗಳ ಕೆಲಸವನ್ನೆಲ್ಲ ಒಬ್ಬನಿಗೇ ಕೊಡುತ್ತದಂತೆ. ಆದರೆ ಮಾತಿಗೂ ಫೋಟೋ ಕಳಿಸುವುದಕ್ಕೂ ವ್ಯಾಪಾರಕ್ಕೆಂದೇ ಬೇರೆ ಲೈನು ಇರಬೇಕು. ಇಂಥ ಸೋಮವಾರ ಹತ್ತರಿಂದ ಹನ್ನೆರಡರೊಳಗೆ ಪರೀಕ್ಷೆಯ ಕರೆ ಬರುತ್ತದೆ. ನಾಲ್ಕು ರಿಂಗಿನೊಳಗೆ ಎತ್ತದಿದ್ದರೆ ಕೆಲಸ ಘಟ್ಟದ ಮೇಲಿನವನಿಗೆ.

ಮೂರು ಕಂಪೆನಿಗಳವರು ಲೈನು ಮಾರಲು ಬಂದರು. ಬಂಟ್ವಾಳದಿಂದ ಬಂದವನು ವೇಗದ ಲೆಕ್ಕ ಒಪ್ಪಿಸಿದ. ಮೂಡುಬಿದಿರೆಯಿಂದ ಬಂದ ಸಾತ್ವಿಕಾ ಎಂಬ ಹುಡುಗಿ ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಿತ್ರಗಳನ್ನು ತೋರಿಸಿದಳು. ಹನೀಫಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಶರಬತ್ತು ಕೊಟ್ಟು, ಒಂದೇ ಪ್ರಶ್ನೆ ಹಾಕಿದ: "ಅದೆಲ್ಲ ಸರಿ. ಲೈನ್ ತುಂಡಾದರೆ ಜೋಡಿಸುವವನ ಮನೆ ಎಲ್ಲಿ?"

ಒಬ್ಬ ಟೋಲ್ ಫ್ರೀ ನಂಬರು ಕೊಟ್ಟ. ಇನ್ನೊಬ್ಬಳು ಇಪ್ಪತ್ತನಾಲ್ಕು ಗಂಟೆಯೊಳಗೆ ಜನ ಬರುತ್ತಾರೆಂದಳು.

"ಮಳೆಗಾಲದಲ್ಲಿ ಇಲ್ಲಿ ವಾರಕ್ಕೆ ಎರಡು ಮರ ಬೀಳ್ತದೆ. ಟೋಲ್ ಫ್ರೀ ಬಂದು ಮರ ಎತ್ತುತ್ತದಾ?" ಎಂದು ಹನೀಫಾ ಇಬ್ಬರನ್ನೂ ಬಸ್ಸು ಹತ್ತಿಸಿದ.

ಮೂರನೆಯವನು ಮಾತ್ರ ತಡವರಿಸಲಿಲ್ಲ. ಲೈನ್‌ಮ್ಯಾನಿನ ಮನೆ ಇಲ್ಲೇ ಪಕ್ಕದ ಕಕ್ಕಿಂಜೆಯಲ್ಲಿ, ಹೆಸರು ಲೋಕನಾಥ ಎಂದ. ಹನೀಫಾನ ಮುಖ ಸಣ್ಣದಾಯಿತು.

ನಾಲ್ಕು ವರ್ಷದ ಹಿಂದೆ ಲೋಕನಾಥನ ಹೊಸ ಕಾರು ಚರಂಡಿಗಿಳಿದಿತ್ತು. ಹನೀಫಾ ಎಳೆದ. ಕಾರು ಮೇಲೆ ಬಂತು, ಮುಂದಿನ ಬಂಪರು ಚರಂಡಿಯಲ್ಲೇ ಉಳಿಯಿತು. ಕೊಕ್ಕೆ ಹಾಕಿದ್ದು ಲೋಕನಾಥ ತೋರಿಸಿದ ಜಾಗಕ್ಕೆ ಎಂದು ಹನೀಫಾ, ತಾನು ತೋರಿಸಿದ್ದು ಬೇರೆ ಜಾಗ ಎಂದು ಲೋಕನಾಥ. ಅಂದಿನಿಂದ ಮಾತಿಲ್ಲ. ಹನೀಫಾ ಆಮೇಲೆ ಬಂಪರು ಎತ್ತಿ ತಂದು ಶೆಡ್ಡಿನ ಗೋಡೆಗೆ ಒರಗಿಸಿಟ್ಟ. ಲೋಕನಾಥ ಕೇಳಲು ಬರಲಿಲ್ಲ, ಇವನು ಕೊಡಲು ಹೋಗಲಿಲ್ಲ.

"ಮಾತು ಯಾರಿಗೆ ಬೇಕು? ಮನೆ ಹತ್ತಿರ ಉಂಟಲ್ಲ," ಎಂದು ಹೆಂಡತಿ ಸಜ್ನಾ ತೀರ್ಮಾನ ಕೊಟ್ಟಳು. ಹನೀಫಾ ರುಜು ಹಾಕಿದ. ಒಂದೇ ಲೈನಿನಲ್ಲಿ ಎರಡು ಫೋನು, ಇಬ್ಬರು ಏಕಕಾಲಕ್ಕೆ ಬೇರೆ ಬೇರೆಯವರೊಡನೆ ಮಾತಾಡಬಹುದು ಎಂದು ಮಾರುವವನು ಆಸೆ ತೋರಿಸಿದಾಗ, ತನಗಿರುವುದು ಒಂದೇ ಬಾಯಿ ಎಂದು ಬಿಟ್ಟ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲೋಕನಾಥ ಬಂದ. ಒಂದು ಮಾರು ದೂರದಲ್ಲಿ ನಿಂತಿದ್ದ ಹನೀಫಾನನ್ನು ಬಿಟ್ಟು ಸಜ್ನಾಳಿಗೆ ಹೇಳಿದ: "ಸಜ್ನಕ್ಕ, ಕ್ರೇನ್ ಸ್ವಲ್ಪ ಹಿಂದೆ ತೆಗೀಲಿಕ್ಕೆ ಹೇಳಿ."

"ತೆಗೀತೇನೆ ಅಂತ ಹೇಳು," ಎಂದ ಹನೀಫಾ, ಹೆಂಡತಿಗೆ.

ಲೋಕನಾಥ ಒಂದು ಫೋನನ್ನು ಶೆಡ್ಡಿನ ಮೇಜಿನ ಮೇಲಿಟ್ಟ. ಇನ್ನೊಂದನ್ನು ಕೇಳದೆಯೇ ಅಡುಗೆಮನೆಯ ಕಿಟಕಿಯಲ್ಲಿಟ್ಟ. ಒಂದೇ ಸಾಕೆಂದು ಹನೀಫಾ ಸಜ್ನಾಳ ಮೂಲಕ ತಕರಾರು ತೆಗೆದ.

"ಮಾತು ಶುರು ಮಾಡಿದರೆ ನಿಲ್ಲಿಸುವ ಜನ ಅಲ್ಲ ಅವರು. ಎರಡು ಬೇಕಾಗ್ತದೆ ಅಂತ ಹೇಳಿ," ಎಂದು ಲೋಕನಾಥ ರಸ್ತೆಯ ಕಂಬದತ್ತ ನಡೆದ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೇಜಿನ ಫೋನು ಹೊಡೆದುಕೊಂಡಿತು. ಹನೀಫಾ ಮೊದಲ ರಿಂಗಿಗೇ ಎತ್ತಿ, ನಾಲ್ಕು ದಿನ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: "ನಮಸ್ಕಾರ, ಚಾರ್ಮಾಡಿ ಕ್ರೇನ್ ಸರ್ವಿಸ್. ನಿಮಗೆ ಏನು ತೊಂದರೆ ಆಗಿದೆ?"

ಕರೆ ಕಂಬದ ಮೇಲಿನಿಂದ. ಪರೀಕ್ಷಿಸಿ ನೋಡದೆ ಕೆಲಸ ಮುಗಿಸುವಂತಿಲ್ಲ, ಅದು ಲೋಕನಾಥನ ಕಂಪೆನಿಯ ನಿಯಮ. ಅವನು ಹೇಳಿದ: "ಬಂಪರ್."

"ಕೊಕ್ಕೆ ಎಲ್ಲಿಗೆ ಅಂತ ಕೈ ತೋರಿಸಿದ್ದು ಯಾರು ಮಾರಾಯ?"

ನಾಲ್ಕು ವರ್ಷ ಕಟ್ಟಿಕೊಂಡಿದ್ದದ್ದು ಎರಡೂ ಕಡೆಯಿಂದ ಹೊರಟಿತು. ಧ್ವನಿ ಬಹಳ ಸ್ಪಷ್ಟವಾಗಿತ್ತು. ಹನೀಫಾ ಪರೀಕ್ಷೆಯನ್ನು ಮರೆತ, ಘಟ್ಟದ ಮೇಲಿನವನನ್ನೂ ಮರೆತ.

ಅಷ್ಟರಲ್ಲಿ ಅಡುಗೆಮನೆಯ ಫೋನು ರಿಂಗಾಯಿತು. ಮೀನು ಕೊಯ್ಯುತ್ತಿದ್ದ ಸಜ್ನಾ ಕೈ ಒರೆಸಿಕೊಂಡು ಮೂರನೆಯ ರಿಂಗಿಗೆ ಎತ್ತಿದಳು. ವಿಮಾ ಕಂಪೆನಿಯ ಹುಡುಗಿ ಆರನೇ ತಿರುವಿಗೆ ಕ್ರೇನು ಬರಲು ಎಷ್ಟು ಹೊತ್ತು ಬೇಕೆಂದು ವಿಚಾರಿಸಿದಳು. ಸಜ್ನಾ ಬಿಸಿಲಿಗೊಂದು, ಮಳೆಗೊಂದು ಲೆಕ್ಕ ಹೇಳಿದಳು. ಯಾವುದಾದರೂ ಕೆಲಸದ ಫೋಟೋ ಕಳಿಸಿ ಎಂದಾಗ ಕಿಟಕಿಯಾಚೆ ಶೆಡ್ಡಿನ ಗೋಡೆಗೆ ಒರಗಿದ್ದ ಬಂಪರಿನದ್ದೇ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಹೊಸ ಲೈನಿನಲ್ಲಿ ಅದು ಕ್ಷಣದಲ್ಲಿ ಹೋಗಿ ತಲುಪಿತು.

"ಹಿಂದೆ ಏನೋ ಗಲಾಟೆ ಕೇಳಿಸ್ತಿದೆಯಲ್ಲ?"

"ಅದೇ ಬಂಪರಿನ ವಿಷಯ," ಎಂದಳು ಸಜ್ನಾ. "ಗಿರಾಕಿಯ ಹತ್ತಿರ ಇವರೇ ಖುದ್ದು ಮಾತಾಡ್ತಾ ಇದ್ದಾರೆ."

ಬುಧವಾರ ಒಪ್ಪಂದದ ಕಾಗದ ಬಂತು. ಗಿರಾಕಿಗಳ ದೂರನ್ನು ಮಾಲಿಕರೇ ಆಲಿಸುತ್ತಾರೆ ಎಂಬ ಮೆಚ್ಚುಗೆಯೂ ಅದರಲ್ಲಿತ್ತು.

ಎದುರಾದರೆ ಇಬ್ಬರೂ ಈಗಲೂ ಮಾತಾಡುವುದಿಲ್ಲ. ಮರ ಬಿದ್ದು ಲೈನು ಹರಿದರೆ ಲೋಕನಾಥ ಗಂಟೆಯೊಳಗೆ ಬಂದು, ಸಜ್ನಾಳಿಗೆ ಹೇಳಿ ಕಂಬ ಹತ್ತಿ, ಜೋಡಿಸಿ, ಪರೀಕ್ಷೆಗೆ ಫೋನು ಮಾಡುತ್ತಾನೆ. ಹನೀಫಾ ಮೊದಲ ರಿಂಗಿಗೇ ಎತ್ತುತ್ತಾನೆ. ಬಂಪರಿನ ವಿಚಾರ ಹಿಂದಿನ ಸಲ ನಿಂತಲ್ಲಿಂದ ಮುಂದುವರಿಯುತ್ತದೆ. ಬೇರೆ ಕರೆ ಬಂದರೆ ಸಜ್ನಾ ಇದ್ದಾಳೆ.