ತಿಪ್ಪಣ್ಣ ಮಲಗುವ ಹೊತ್ತು

೧೯೪೩ರಲ್ಲಿ ನಾನು ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ನಿಜಾಮರ ಕಾಲ. ಇಡೀ ಶಾಲೆಗೆ ನಾನೊಬ್ಬಳೇ. ಆಳಂದದಿಂದ ಹೊಸದಾಗಿ ಬಂದಿದ್ದ ನನಗೆ ಶಿಸ್ತಿನ ಹುಚ್ಚು ಬಹಳ. ಗಂಟೆ ಬಾರಿಸಿದ ಮೇಲೆ ಒಳಗೆ ಕಾಲಿಟ್ಟವರನ್ನು ದುರುಗುಟ್ಟಿ ನೋಡುತ್ತಿದ್ದೆ. ಆ ಹುಚ್ಚು ಬಿಡಿಸಿದ್ದು ತಿಪ್ಪಣ್ಣನೆಂಬ ಏಳು ತಿಂಗಳ ಕೂಸು.

ತಿಪ್ಪಣ್ಣನ ಅಕ್ಕ ಶಾಂತವ್ವ ನನ್ನ ನಾಲ್ಕನೆಯ ತರಗತಿಯಲ್ಲಿದ್ದಳು. ಬಲು ಚುರುಕು ಹುಡುಗಿ. ತಂದೆತಾಯಿ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಅಜ್ಜಿ ನೀಲವ್ವ ಇದ್ದರು, ಆದರೆ ಸೊಂಟನೋವಿನಿಂದ ಕೂಸನ್ನು ಎತ್ತಿಕೊಳ್ಳಲಾರರು. ಕುಳಿತಲ್ಲಿಂದಲೇ ತೊಟ್ಟಿಲ ಹಗ್ಗ ಎಳೆಯಬಲ್ಲವರಾಗಿದ್ದರು, ಅಷ್ಟೇ. ಹಾಗಾಗಿ ಬೆಳಿಗ್ಗೆ ತಮ್ಮ ಮಲಗಿದ ಕೂಡಲೇ ಶಾಂತವ್ವ ಶಾಲೆಗೆ ಓಡಿಬರುತ್ತಿದ್ದಳು. ಅವನು ಏಳುವ ಹೊತ್ತಿಗೆ ಮತ್ತೆ ಮನೆಗೆ ಓಟ.

ಜೋಳದ ಸುಗ್ಗಿಯ ದಿನಗಳಲ್ಲಿ ಅವಳು ಬರುವುದೇ ನಿಂತುಹೋಯಿತು. ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾದರೆ ಕಲಬುರ್ಗಿಯ ಸೋದರತ್ತೆಯ ಮನೆಯಲ್ಲಿಟ್ಟು ಓದಿಸುತ್ತೇನೆಂದು ತಂದೆ ಒಪ್ಪಿದ್ದರು. ಇಲ್ಲವಾದರೆ ಅವಳ ಓದು ಅಲ್ಲಿಗೇ ಮುಗಿದಂತೆ. ನನಗೆ ತಡೆಯಲಾಗಲಿಲ್ಲ, ಮನೆಗೇ ಹೋದೆ.

“ಏನ್ ಮಾಡ್ಲಿರಿ ಅಕ್ಕಾರ, ಹಲ್ಲು ಬರಾಕತ್ತಾವ, ತೆವಳಾಕತ್ತಾನ. ಮುಂಜಾನಿ ಮಲಗೂದ ಬಿಟ್ಟಾನ,” ಎಂದಳು ಶಾಂತವ್ವ. ಅವಳ ಕಣ್ಣುಗಳು ತುಂಬಿದ್ದವು.

ಮಲಗಿಸಿದರೆ ಮಲಗದೆ ಏನು ಮಾಡುತ್ತಾನೆಂದು ಮರುದಿನ ಬೆಳಿಗ್ಗೆ ನಾನೇ ಹೋಗಿ ತಟ್ಟಿದೆ, ತೂಗಿದೆ. ತಿಪ್ಪಣ್ಣ ನನ್ನ ಕನ್ನಡಕ ಕಿತ್ತುಕೊಂಡು ಕೇಕೆ ಹಾಕಿದ.

ನೀಲವ್ವ ನಕ್ಕರು. “ಅಂವ ನಿಮ್ಮ ಗಂಟಿ ಕೇಳೂದಿಲ್ರಿ ಅಕ್ಕಾರ. ಮಧ್ಯಾಹ್ನ ತಾನ ಮಲಗ್ತಾನ. ಆವಾಗ ಕಲಸ್ರಿ.”

ಅವರು ಹೇಳಿದಂತೆಯೇ ನಾಲ್ಕನೆಯ ತರಗತಿಯನ್ನು ಮಧ್ಯಾಹ್ನಕ್ಕೆ ಬದಲಿಸಿದೆ. ಅದಕ್ಕಾಗಿ ಉಳಿದ ಹುಡುಗಿಯರ ಮನೆಮನೆಗೂ ಹೋಗಿ ಕೇಳಿಕೊಂಡೆ. ಯಾರೂ ಗೊಣಗಲಿಲ್ಲ. ಒಬ್ಬ ತಾಯಿಯಂತೂ, “ನಮ್ಮನ್ಯಾಗೂ ತೊಟ್ಟಿಲ ಅದರಿ, ನಮಗ ಗೊತ್ತಾಗ್ತದ,” ಎಂದು ನನ್ನ ಕೈಯಲ್ಲಿ ಬಿಸಿ ರೊಟ್ಟಿ ಇಟ್ಟರು. ಆ ತಾಯಂದಿರನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಆದರೆ ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಬೆಳಿಗ್ಗೆಯೇ ಬಂದರು. ಸಂಜೆಯೊಳಗೆ ಜೇವರ್ಗಿ ಮುಟ್ಟಬೇಕೆಂಬ ಅವಸರ ಅವರಿಗೆ. ನಾಲ್ಕನೆಯ ತರಗತಿಯವರಿಗೆಲ್ಲ ಕೂಡಲೇ ಹೇಳಿಕಳಿಸಿದೆ. ಉಳಿದವರು ಬಂದು ಅವರ ಪರೀಕ್ಷೆಯೂ ಮುಗಿಯಿತು, ಶಾಂತವ್ವನ ಸುಳಿವಿಲ್ಲ. ಗೈರುಹಾಜರಿ ಎಂದು ಬರೆದರೆ ಹುಡುಗಿಯ ಗತಿಯೇನು? ಧೈರ್ಯ ಮಾಡಿ ಇದ್ದ ಸಂಗತಿ ಹೇಳಿಬಿಟ್ಟೆ.

ಸಾಹೇಬರು ಗಡ್ಡ ನೀವಿಕೊಂಡರು. “ಅರೆ, ನಮ್ಮ ಮನ್ಯಾಗೂ ಇಂಥಾದೊಂದು ಬಚ್ಚಾ ಅದ. ಅದಕ್ಕ ನಾನೂ ಸಲಾಮ್ ಹೊಡೀತೇನಿ. ನಡೀರಿ, ಅಲ್ಲೇ ಹೋಗೂಣು.”

ನಾವು ಹೋದಾಗ ಶಾಂತವ್ವ ತೊಟ್ಟಿಲ ಹಗ್ಗ ಹಿಡಿದಿದ್ದಳು. ಮಧ್ಯಾಹ್ನವಾಗುತ್ತ ಬಂದಿತ್ತು, ತಿಪ್ಪಣ್ಣನಿಗೆ ಅರೆನಿದ್ದೆ. ಹಗ್ಗ ಬಿಟ್ಟರೆ ಸಾಕು, ಕಣ್ಣು ತೆರೆಯುತ್ತಿದ್ದ. ಸಾಹೇಬರು ಕಟ್ಟೆಯ ಮೇಲೆ ಕುಳಿತು ಹದಿಮೂರರ ಮಗ್ಗಿ ಕೇಳಿದರು. ಹುಡುಗಿ ತಮ್ಮನನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದಳು. ಆಮೇಲೆ ಹಗ್ಗ ಎಳೆಯುತ್ತ ಜೋಗುಳದ ಧಾಟಿಯಲ್ಲಿ ಶುರುಮಾಡಿದಳು. “ಹದಿಮೂರೊಂದ್ಲೆ ಹದಿಮೂರು, ಜೋ ಜೋ... ಹದಿಮೂರೆರಡ್ಲೆ ಇಪ್ಪತ್ತಾರು, ಜೋ ಜೋ...”

ನನಗೆ ಆಗ ತಿಳಿಯಿತು. ಶಾಲೆ ತಪ್ಪಿದ ದಿನಗಳಲ್ಲೂ ಅವಳ ಪಾಠ ತಪ್ಪಿರಲಿಲ್ಲ. ತೊಂಬತ್ತೊಂದು ಬರುವಷ್ಟರಲ್ಲಿ ತಿಪ್ಪಣ್ಣ ಗಾಢ ನಿದ್ದೆಯಲ್ಲಿದ್ದ. ಉಳಿದ ಪ್ರಶ್ನೆಗಳನ್ನು ಸಾಹೇಬರು ಪಿಸುಮಾತಿನಲ್ಲಿ ಕೇಳಿದರು, ಅವಳೂ ಪಿಸುಮಾತಿನಲ್ಲೇ ಉತ್ತರಿಸಿದಳು. ಪಾಸಾದಳೆಂದು ಅವರು ಹೇಳಿದ್ದೂ ಪಿಸುಮಾತಿನಲ್ಲೇ. ನನಗೆ ಮಾತ್ರ ಊರಿಗೆಲ್ಲ ಕೇಳುವಂತೆ ಕೂಗಿಬಿಡಬೇಕೆನಿಸಿತ್ತು.

ಮುಂದೆ ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಎಲ್ಲಿ ಹೋದರೂ ವೇಳಾಪಟ್ಟಿ ಹಾಕುವ ಮೊದಲು ಯಾರ ಮನೆಯಲ್ಲಿ ತೊಟ್ಟಿಲಿದೆ ಎಂದು ಕೇಳುತ್ತಿದ್ದೆ. ಗೊಬ್ಬೂರು ನನಗೆ ಕಲಿಸಿದ್ದು ಅದನ್ನೇ.

ಶಾಂತವ್ವ ಕಲಬುರ್ಗಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಅವರ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ತೊಟ್ಟಿಲು ಕಿರುಗುಟ್ಟುತ್ತಿತ್ತು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ನೀಲವ್ವನ ಒಡಕು ದನಿ ಕೇಳಿಸಿತು:

“ಹದಿಮೂರ ಮೂರ್ಲೆ ಮೂವತ್ತೊಂಬತ್ತು, ಜೋ ಜೋ...”