ಒಂದೇ ಏಟಿಗೆ ಲಗ್ನಪತ್ರಿಕೆ

ಹುಮನಾಬಾದ್ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಡಿಟಿಪಿ ಅಂಗಡಿಯಲ್ಲಿ ಲಗ್ನದ ಸೀಜನ್ನಿಗೆ ಮುಂಚೆ ದೊಡ್ಡ ಸುಧಾರಣೆ ಮಾಡಿದೆ. ಪ್ರತಿ ಪತ್ರಿಕೆಯಲ್ಲೂ ಬರುವ ಸಾಲುಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಶಾರ್ಟ್‌ಕಟ್ ಕೀ ಇಟ್ಟೆ; ಒತ್ತಿದರೆ ಇಡೀ ಸಾಲು ತಾನೇ ಬರಬೇಕು. ಯಾವ ಸಾಲಿಗೆ ಯಾವ ಕೀ ಎಂದು ಜೋಡಿಸುವುದರಲ್ಲೇ ಒಂದು ವಾರ ಹೋಯಿತು. ಸಮಯ ಉಳಿಸುವ ಕೆಲಸಕ್ಕೆ ಅಷ್ಟಾದರೂ ಸಮಯ ಬೇಡವೇ.

ಮೊದಲು ಬಂದವರು ಮುಡಬಿಯ ರೈತರೊಬ್ಬರು. ಮಗಳ ಲಗ್ನ. ನಮ್ಮ ಕಡೆ ಹಿರಿಯರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಪತ್ರಿಕೆ ಅಕ್ಷರ ಅಕ್ಷರ ಮೂಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಏಳುವುದು. ನಾನು ಗತ್ತಿನಿಂದ ಟಕಟಕ ನಾಲ್ಕು ಕೀ ಒತ್ತಿದೆ. ಅರ್ಧ ಪತ್ರಿಕೆ ಒಮ್ಮೆಲೇ ಬಂದು ಕೂತಿತು.

"ಇದು ಯಾರದೋ ಮಂದಿ ಪತ್ರಿಕಾ ಐತಿ. ನಮ್ಮ ಹುಡುಗಿಗೆ ಯಾಕ ಅಂಟಸ್ತೀರಿ? ಅಳಸ್ರಿ, ಹೊಸಾದು ಬರೀರಿ," ಅಂದರು.

ಅಳಿಸಿದೆ. ಅಷ್ಟನ್ನೂ ಕೈಯಾರೆ ಟೈಪ್ ಹೊಡೆದೆ.

ಈಗ ಇನ್ನೊಂದು ಶಾರ್ಟ್‌ಕಟ್ ಇಟ್ಟಿದ್ದೇನೆ. ಒತ್ತಿದರೆ ಅವೇ ಸಾಲುಗಳು ಒಂದೊಂದೇ ಅಕ್ಷರವಾಗಿ, ಆಕಳಿಸುತ್ತ ಬರುತ್ತವೆ. ನಾನು ಕೀಬೋರ್ಡಿನ ಮೇಲೆ ಸುಮ್ಮನೆ ಬೆರಳು ಆಡಿಸುತ್ತ ಕೂರುತ್ತೇನೆ. ಹಿರಿಯರು ಸಮಾಧಾನದಿಂದ ಚಹಾ ತರಿಸುತ್ತಾರೆ.

"ಈಗ ನೋಡ್ರಿ, ಮನಸಿಟ್ಟು ಮಾಡಾಕತ್ತೀರಿ."